ಹಣೆಬರಹ ದೊಡ್ಡದೋ, ಸಂಕಲ್ಪ ದೊಡ್ಡದೋ?



ಬೆಟ್ಟ ಹತ್ತಿ ಸ್ವಾಮಿಯ ಸನ್ನಿಧಿಗೆ ಬರುವವರ ಬಾಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ಸ್ವಾಮಿ ಕರೆಸಿಕೊಂಡ, ಬಂದ್ವಿ" ಎನ್ನುವುದು ಒಂದು. "ಈ ಸಲ ಏನಾದ್ರೂ ಆಗಲಿ, ಹೋಗಲೇಬೇಕೂಂತ ಗಟ್ಟಿ ಮನಸ್ಸು ಮಾಡಿ ಬಂದ್ವಿ" ಎನ್ನುವುದು ಇನ್ನೊಂದು. ಅನೇಕ ವೇಳೆ ಒಬ್ಬರೇ ಈ ಎರಡನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಹೇಳುವವರಿಗೂ ಕೇಳುವವರಿಗೂ ಅದರಲ್ಲಿ ವಿರೋಧ ಕಾಣುವುದಿಲ್ಲ. ನಿಂತು ಯೋಚಿಸಿದರೆ ಮಾತ್ರ ಪ್ರಶ್ನೆ ಏಳುತ್ತದೆ. ಬಂದದ್ದು ಸ್ವಾಮಿಯ ಇಚ್ಛೆಯಿಂದಲೋ, ಭಕ್ತನ ಇಚ್ಛೆಯಿಂದಲೋ?

ಒಳ್ಳೆಯ ಕೆಲಸ ನಡೆದಾಗ ಈ ಪ್ರಶ್ನೆ ಯಾರನ್ನೂ ಬಾಧಿಸುವುದಿಲ್ಲ. ಕೆಟ್ಟದ್ದು ನಡೆದಾಗ ಕುತ್ತಿಗೆಗೆ ಬರುತ್ತದೆ. ಸನ್ನಿಧಿಯಲ್ಲಿ ಕರ್ಪೂರ ಮುಟ್ಟಿ ಕುಡಿತ ಬಿಡುತ್ತೇನೆಂದು ಆಣೆ ಮಾಡಿದವನು ಮೂರು ತಿಂಗಳಿಗೆ ಮತ್ತೆ ಅಂಗಡಿಯ ಮುಂದೆ ನಿಂತಿರುತ್ತಾನೆ. ಕೇಳಿದರೆ "ನನ್ನ ಕೈಲೇನಿದೆ? ಹಣೇಲಿ ಬರೆದದ್ದನ್ನ ಯಾರು ತಪ್ಪಿಸ್ತಾರೆ?" ಎನ್ನುತ್ತಾನೆ. ಅಕ್ಕಿ ಡಬ್ಬ ಬರಿದಾಗಿ ಕೂತ ಹೆಂಡತಿಗೆ ಈ ವೇದಾಂತ ಯಾವ ಸಮಾಧಾನ ಕೊಟ್ಟೀತು? ಅವನು ಹೇಳುವುದು ನಿಜವಾದರೆ ಆಣೆಗೂ ಅರ್ಥವಿಲ್ಲ, ಹರಕೆಗೂ ಅರ್ಥವಿಲ್ಲ, ಪಾಪಪುಣ್ಯಕ್ಕೂ ಅರ್ಥವಿಲ್ಲ. ಸುಳ್ಳಾದರೆ, ಅಳುತ್ತಾ ಬಂದು ಬಿಡಿಸು ತಂದೆ ಎಂದು ಬೇಡಿಕೊಂಡವನು ಯಾಕೆ ಬಿಡಲಾರದೆ ಹೋದ? ಎರಡಕ್ಕೂ ಉತ್ತರ ಬೇಕು.

ಅರ್ಜುನ ಕೇಳಿದ ಪ್ರಶ್ನೆ

ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನ ಇದನ್ನೇ ಕೇಳುತ್ತಾನೆ. ಮನುಷ್ಯ ತನಗೆ ಇಷ್ಟವಿಲ್ಲದಿದ್ದರೂ, ಯಾರೋ ಹಿಂದಿನಿಂದ ನೂಕಿದ ಹಾಗೆ ಪಾಪ ಮಾಡಿಬಿಡುತ್ತಾನಲ್ಲ, ಅವನನ್ನು ನೂಕುವುದು ಏನು ಎಂಬುದು ಅವನ ಸಂಶಯ. ಶ್ರೀಕೃಷ್ಣ ಪರಮಾತ್ಮ ಆ ನೂಕುವಿಕೆಯನ್ನು ಅಲ್ಲಗಳೆಯುವುದಿಲ್ಲ. ಕಾಮ ಕ್ರೋಧಗಳೇ ನೂಕುವವು, ಅವು ಇಂದ್ರಿಯ, ಮನಸ್ಸು, ಬುದ್ಧಿಗಳಲ್ಲಿ ಮನೆ ಮಾಡಿಕೊಂಡಿವೆ ಎಂದು ಒಪ್ಪಿಕೊಂಡೇ ಮುಂದೆ ಅವನ್ನು ಗೆಲ್ಲುವ ದಾರಿ ತೋರಿಸುತ್ತಾನೆ. ನೂಕುವ ಶಕ್ತಿ ಇರುವುದೂ ನಿಜ, ಗೆಲ್ಲುವ ದಾರಿ ಇರುವುದೂ ನಿಜ.

ಹದಿನೆಂಟನೆಯ ಅಧ್ಯಾಯದಲ್ಲಿ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಯಾವ ಕೆಲಸ ನಡೆಯಬೇಕಾದರೂ ಐದು ಕಾರಣ ಕೂಡಬೇಕು. ಶರೀರ, ಮಾಡುವ ಕರ್ತೃ, ಇಂದ್ರಿಯಗಳೆಂಬ ಸಾಧನಗಳು, ನಾನಾ ಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ಐದರಲ್ಲಿ ದೈವ ಒಂದು ಪಾಲು, ಕರ್ತೃ ಒಂದು ಪಾಲು. ಎಲ್ಲಾ ನನ್ನಿಂದಲೇ ಆಯಿತು ಎಂದು ಮೀಸೆ ತಿರುವುವವನಿಗೂ, ನನ್ನಿಂದ ಏನೂ ಇಲ್ಲ ಎಂದು ಕೈಚೆಲ್ಲಿ ಕೂತವನಿಗೂ ಈ ಒಂದೇ ಲೆಕ್ಕ ಉತ್ತರವಾಗುತ್ತದೆ.

ಅದೇ ಅಧ್ಯಾಯದ 61ನೆಯ ಶ್ಲೋಕದಲ್ಲಿ, ಈಶ್ವರನು ಎಲ್ಲರ ಹೃದಯದಲ್ಲಿದ್ದು ಯಂತ್ರಕ್ಕೆ ಏರಿಸಿದ ಗೊಂಬೆಗಳಂತೆ ಪ್ರಾಣಿಗಳನ್ನು ತಿರುಗಿಸುತ್ತಾನೆಂಬ ಅಭಿಪ್ರಾಯ ಬರುತ್ತದೆ. ಅಲ್ಲಿಗೇ ಪುಸ್ತಕ ಮುಚ್ಚುವವರು ಬಹಳ ಮಂದಿ. ಎರಡೇ ಶ್ಲೋಕ ಮುಂದೆ ಹೋದರೆ, 63ರಲ್ಲಿ, ಹೇಳುವುದನ್ನೆಲ್ಲಾ ಹೇಳಿದ್ದಾಯಿತು, ಚೆನ್ನಾಗಿ ವಿಚಾರ ಮಾಡಿ ನಿನ್ನ ಇಚ್ಛೆ ಬಂದಂತೆ ಮಾಡು ಎಂದು ಪರಮಾತ್ಮನೇ ಅರ್ಜುನನಿಗೆ ಬಿಟ್ಟುಕೊಡುತ್ತಾನೆ. ಗೊಂಬೆಗೆ ಯಾರಾದರೂ ಹಾಗೆ ಹೇಳುತ್ತಾರೆಯೇ?

ಆಚಾರ್ಯರ ಉಪಮೆಗಳು

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಈ ವಿಚಾರ ಚರ್ಚೆಗೆ ಬಂದಿದೆ. ಜೀವನಿಗೆ ಕರ್ತೃತ್ವವೇ ಇಲ್ಲವಾದರೆ ಇದನ್ನು ಮಾಡು, ಅದನ್ನು ಬಿಡು ಎಂದು ಶಾಸ್ತ್ರ ಹೇಳುವುದು ಯಾರಿಗೆ ಎಂಬುದೇ ಅಲ್ಲಿಯ ಮುಖ್ಯ ಯುಕ್ತಿ.

ಶ್ರೀ ಶಂಕರಾಚಾರ್ಯರು ಮಳೆಯ ಉಪಮೆ ಕೊಡುತ್ತಾರೆ. ಮಳೆ ಎಲ್ಲಾ ಹೊಲಕ್ಕೂ ಒಂದೇ. ಬತ್ತದ ಬೀಜದಿಂದ ಬತ್ತ, ಜವೆಗೋಧಿಯ ಬೀಜದಿಂದ ಜವೆಗೋಧಿ ಬರುವುದಕ್ಕೆ ಆಯಾ ಬೀಜ ಕಾರಣ. ಈಶ್ವರನ ಕೃಪೆ ಮಳೆಯಂತೆ, ಜೀವನ ಕರ್ಮ ಬೀಜದಂತೆ. ಮಳೆಯಿಲ್ಲದೆ ಮೊಳಕೆಯಿಲ್ಲ. ಆದರೆ ಜಾಲಿ ಬಿತ್ತಿದವನು ಮಳೆರಾಯನನ್ನು ಬೈದರೆ ನ್ಯಾಯವಲ್ಲ.

ಮೇಲುಕೋಟೆಯಲ್ಲಿ ನೆಲೆಸಿ ಅಲ್ಲಿಯ ಸೇವಾಕ್ರಮವನ್ನು ನಿಲ್ಲಿಸಿದ ಶ್ರೀ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಇಬ್ಬರಿಗೆ ಸೇರಿದ ಸೊತ್ತಿನ ದೃಷ್ಟಾಂತ ಹೇಳುತ್ತಾರೆ. ಜಂಟಿ ಖಾತೆಯ ಜಮೀನು ಇರುವವರಿಗೆಲ್ಲಾ ಇದು ತಕ್ಷಣ ಅರ್ಥವಾಗುತ್ತದೆ. ಇಬ್ಬರ ಒಪ್ಪಿಗೆಯಿಲ್ಲದೆ ಮಾರಾಟವಾಗದು. ಆದರೆ ಮಾರಬೇಕೆಂದು ಹೊರಟವನು, ಇನ್ನೊಬ್ಬನ ಒಪ್ಪಿಗೆ ಕೇಳಿದವನು ಒಬ್ಬ. ಫಲವೂ ಅವನಿಗೇ. ಹಾಗೆಯೇ ಜೀವ ಮೊದಲು ಯತ್ನ ಮಾಡುತ್ತಾನೆ, ಅಂತರ್ಯಾಮಿಯಾದ ಭಗವಂತ ಅನುಮತಿ ಕೊಡುತ್ತಾನೆ, ಕೆಲಸ ನಡೆಯುತ್ತದೆ.

ಶ್ರೀ ಮಧ್ವಾಚಾರ್ಯರ ಮತದಲ್ಲಿ ಸ್ವತಂತ್ರನು ಶ್ರೀಹರಿಯೊಬ್ಬನೇ, ಉಳಿದದ್ದೆಲ್ಲಾ ಅವನ ಅಧೀನ. ಹಾಗೆಂದು ಜೀವನ ಕರ್ತೃತ್ವ ಸುಳ್ಳಲ್ಲ. ಅದು ಅವನು ಕೊಟ್ಟದ್ದು, ಕೊಟ್ಟದ್ದರಿಂದ ನಿಜ. ಲೋಕದ ಮಾತಿನಲ್ಲಿ ಹೇಳಬೇಕಾದರೆ, ತಂದೆ ಜಾತ್ರೆಗೆ ಕೊಟ್ಟ ದುಡ್ಡು ತಂದೆಯದೇ, ಖರ್ಚಿನ ಲೆಕ್ಕ ಒಪ್ಪಿಸಬೇಕಾದವನು ಮಗ.

ಸಿದ್ಧಾಂತದಲ್ಲಿ ಮೂವರಿಗೂ ದೊಡ್ಡ ಭೇದಗಳಿವೆ. ಹೊಣೆ ಜೀವನದೇ ಎನ್ನುವಲ್ಲಿ ಮಾತ್ರ ಮೂವರೂ ಕೂಡುತ್ತಾರೆ.

ವಿಜ್ಞಾನಿಗಳು ಮಾಡಿದ ಪರೀಕ್ಷೆ

ಈಗಿನ ಕಾಲದಲ್ಲಿ ಓದಿದ ಮಕ್ಕಳು ಇನ್ನೊಂದು ಮಾತು ತರುತ್ತಾರೆ. "ಅಜ್ಜಿ, ದೇವರೂ ಅಲ್ಲ, ನೀನೂ ಅಲ್ಲ. ಎಲ್ಲಾ ಮಿದುಳೇ ಮಾಡಿಸೋದು, ವಿಜ್ಞಾನ ತೋರಿಸಿಬಿಟ್ಟಿದೆ" ಎನ್ನುತ್ತಾರೆ. ಹೆದರುವ ಅಗತ್ಯವಿಲ್ಲ. ವಿಜ್ಞಾನ ಏನು ತೋರಿಸಿದೆ ಎಂದು ಸಾವಧಾನವಾಗಿ ನೋಡೋಣ.

1965ರಲ್ಲಿ ಜರ್ಮನಿಯ ಕಾರ್ನ್‌ಹ್ಯೂಬರ್ ಮತ್ತು ಡೀಕೆ ಎಂಬ ವಿಜ್ಞಾನಿಗಳು, ಮನುಷ್ಯ ಕೈ ಆಡಿಸುವ ಮೊದಲೇ ಮಿದುಳಿನಲ್ಲಿ ವಿದ್ಯುತ್ತಿನ ಒಂದು ಸಣ್ಣ ಅಲೆ ಏಳುವುದನ್ನು ಕಂಡರು. ಅದನ್ನು ಸಿದ್ಧತೆಯ ಅಲೆ ಎನ್ನಬಹುದು. 1983ರಲ್ಲಿ ಅಮೆರಿಕದ ಬೆಂಜಮಿನ್ ಲಿಬೆಟ್ ಇದನ್ನೇ ಮುಂದುವರಿಸಿದರು. ತಲೆಗೆ ತಂತಿಗಳನ್ನು ಅಂಟಿಸಿಕೊಂಡು ಕುಳಿತವರು ಮನಸ್ಸು ಬಂದಾಗ ಮಣಿಕಟ್ಟನ್ನು ಆಡಿಸಬೇಕು. ಎದುರಿಗೆ ವೇಗವಾಗಿ ಸುತ್ತುವ ಗಡಿಯಾರ. ಆಡಿಸಬೇಕೆಂಬ ಇಚ್ಛೆ ತಿಳಿದಾಗ ಗಡಿಯಾರದ ಚುಕ್ಕೆ ಎಲ್ಲಿತ್ತು ಎಂದು ಹೇಳಬೇಕು. ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ, ಕೈ ಆಡುವುದಕ್ಕೆ ಸುಮಾರು 550 ಭಾಗ ಮೊದಲೇ ಸಿದ್ಧತೆಯ ಅಲೆ ಎದ್ದಿತ್ತು. ಇಚ್ಛೆ ತಿಳಿದದ್ದು ಸುಮಾರು 200 ಭಾಗ ಮೊದಲು. ಎಂದರೆ ಯಜಮಾನನಿಗೆ ಸುದ್ದಿ ಮುಟ್ಟುವ ಮೊದಲೇ ಮನೆಯಲ್ಲಿ ಒಲೆ ಹಚ್ಚಿ ಆಗಿತ್ತು.

2008ರಲ್ಲಿ ಜರ್ಮನಿಯಲ್ಲಿ ಜಾನ್ ಡೈಲನ್ ಹೇನ್ಸ್ ಅವರ ತಂಡ ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡಿ, ಎಡಗೈ ಗುಂಡಿ ಒತ್ತುತ್ತಾನೋ ಬಲಗೈ ಗುಂಡಿ ಒತ್ತುತ್ತಾನೋ ಎಂಬ ಸುಳಿವು ಹಲವು ಸೆಕೆಂಡು ಮೊದಲೇ ಸಿಗುತ್ತದೆ ಎಂದು ಹೇಳಿತು. ಇದೇ ಎಲ್ಲೆಡೆ ದೊಡ್ಡ ಸುದ್ದಿಯಾಯಿತು. ಆದರೆ ಆ ಸುಳಿವು ಸರಿಯಾದದ್ದು ನೂರಕ್ಕೆ ಸುಮಾರು ಅರವತ್ತು ಸಲ. ಕಣ್ಣು ಮುಚ್ಚಿ ಹೇಳಿದರೂ ಐವತ್ತು ಸಲ ಸರಿಯಾಗುತ್ತದೆ. ಒಲವು ಕಂಡಿತು ಎನ್ನಬಹುದು, ತೀರ್ಮಾನ ಕಂಡಿತು ಎನ್ನಲಾಗದು.

2012ರಲ್ಲಿ ಆರನ್ ಶರ್ಗರ್ ಮತ್ತು ಜೊತೆಗಾರರು ಆ ಅಲೆಗೆ ಬೇರೆ ಅರ್ಥ ಕೊಟ್ಟರು. ಕೆರೆ ಕೋಡಿಯ ಮಟ್ಟಕ್ಕೆ ತುಂಬಿದೆ ಎಂದುಕೊಳ್ಳಿ. ಗಾಳಿಗೆ ನೀರು ಸುಮ್ಮನೆ ಏರಿಳಿಯುತ್ತಿರುತ್ತದೆ. ಒಂದು ಅಲೆ ಕೋಡಿ ದಾಟುತ್ತದೆ. ದಾಟಿದ ಅಲೆಯನ್ನಷ್ಟೇ ಹಿಡಿದು ಹಿಂದಕ್ಕೆ ನೋಡಿಕೊಂಡು ಹೋದರೆ, ಅದು ಮೊದಲೇ ನಿಶ್ಚಯ ಮಾಡಿಕೊಂಡು ಏರುತ್ತಾ ಬಂದ ಹಾಗೆ ಕಾಣುತ್ತದೆ. ಮಿದುಳಿನ ಸಿದ್ಧತೆಯ ಅಲೆಯೂ ಅಂಥದ್ದಿರಬಹುದು ಎಂಬುದು ಅವರ ವಾದ.

ಇದೆಲ್ಲಾ ಸುಮ್ಮನೆ ಬೆರಳು ಆಡಿಸುವ ವಿಷಯ. ಬೆರಳು ಈಗ ಆಡಿದರೂ ಆಗ ಆಡಿದರೂ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. 2019ರಲ್ಲಿ ಉರಿ ಮಾವೋಜ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆಯಲ್ಲಿ ದಾನದ ವಿಷಯ ತಂದರು. ಎರಡು ಸೇವಾಸಂಸ್ಥೆಗಳಲ್ಲಿ ಒಂದನ್ನು ಆರಿಸಬೇಕು. ಕೆಲವು ಸಲ ಯಾವುದನ್ನು ಆರಿಸಿದರೂ ಎರಡಕ್ಕೂ ಸಮನಾದ ಹಣ. ಕೆಲವು ಸಲ ಆರಿಸಿದ ಸಂಸ್ಥೆಗೇ 1000 ಡಾಲರ್ ಹೋಗುವ ಅವಕಾಶ. ಸುಮ್ಮನೆ ಆರಿಸುವಾಗ ಸಿದ್ಧತೆಯ ಅಲೆ ಎಂದಿನಂತೆ ಕಂಡಿತು. ನಿಜವಾಗಿ ಯೋಚಿಸಿ ಆರಿಸುವಾಗ ಆ ಅಲೆ ಕಾಣಲಿಲ್ಲ. ಹುಂಡಿಯ ಮುಂದೆ ನಿಂತು, ಎಷ್ಟು ಹಾಕಲಿ, ಯಾಕೆ ಹಾಕಲಿ ಎಂದು ಯೋಚಿಸುವವನನ್ನು ಬೆರಳು ಆಡಿಸುವವನ ಲೆಕ್ಕದಲ್ಲಿ ತೂಗಬಾರದು ಎಂದಾಯಿತು.

ಬಾಗಿಲಲ್ಲಿ ನಿಂತ ಬಯಕೆ

ಲಿಬೆಟ್ ಅವರೇ ಮನುಷ್ಯನನ್ನು ಯಂತ್ರ ಎಂದು ತೀರ್ಮಾನಿಸಲಿಲ್ಲ. ಇಚ್ಛೆ ತಿಳಿದ ಮೇಲೂ ಅದನ್ನು ಬೇಡ ಎಂದು ತಡೆಯುವುದಕ್ಕೆ ಒಂದಿಷ್ಟು ಸಮಯ ಉಳಿಯುತ್ತದೆ, ಮನುಷ್ಯನ ಸ್ವಾತಂತ್ರ್ಯ ಆ ತಡೆಯುವಿಕೆಯಲ್ಲಿದೆ ಎಂದರು. 2016ರಲ್ಲಿ ಬರ್ಲಿನ್‌ನಲ್ಲಿ ಇದನ್ನೂ ಪರೀಕ್ಷಿಸಿದರು. ಸಿದ್ಧತೆಯ ಅಲೆ ಎದ್ದ ಕೂಡಲೇ ಕಂಪ್ಯೂಟರ್ ಕೆಂಪು ದೀಪ ಹತ್ತಿಸಿ ನಿಲ್ಲು ಎಂದಾಗ, ಅಲೆ ಎದ್ದ ಮೇಲೂ ಜನರು ಕಾಲನ್ನು ತಡೆದುಕೊಂಡರು. ಚಲನೆಗೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಮಾತ್ರ ಉಳಿದಾಗ ಮಾತ್ರ ತಡೆಯಲಾಗಲಿಲ್ಲ.

ಬಯಕೆ ಕರೆಯದೆ ಬರುವ ನೆಂಟ. ಅವನು ಬರುವುದನ್ನು ನಿಲ್ಲಿಸುವುದಕ್ಕೆ ಆಗುವುದಿಲ್ಲ. ಬಾಗಿಲು ತೆಗೆಯುವುದೋ ಬಿಡುವುದೋ ಮನೆಯವರ ಕೈಲಿದೆ. ಒಳಕ್ಕೆ ಬಂದು ಕೂತು ಎಲೆ ಹಾಕಿಸಿಕೊಂಡ ಮೇಲೆ ಎಬ್ಬಿಸುವುದು ಕಷ್ಟ. ಕಠೋಪನಿಷತ್ತು ಶರೀರವನ್ನು ರಥಕ್ಕೆ, ಇಂದ್ರಿಯಗಳನ್ನು ಕುದುರೆಗೆ, ಮನಸ್ಸನ್ನು ಲಗಾಮಿಗೆ, ಬುದ್ಧಿಯನ್ನು ಸಾರಥಿಗೆ ಹೋಲಿಸಿದ್ದು ಇದನ್ನೇ ತಿಳಿಸುವುದಕ್ಕೆ. ಕುದುರೆ ಓಡುವುದು ಕುದುರೆಯ ಸ್ವಭಾವ. ಲಗಾಮು ಸಡಿಲ ಬಿಟ್ಟದ್ದು ಸಾರಥಿಯ ತಪ್ಪು.

ಇನ್ನೊಂದು ವಿಶೇಷ ಗಮನಿಸಬೇಕು. ಹಣೆಬರಹ ಎನ್ನುವಾಗ ಜನರು ಬೆರಳಿನಿಂದ ಹಣೆಯನ್ನು ಮುಟ್ಟಿ ತೋರಿಸುತ್ತಾರೆ. ಆ ಹಣೆಯ ಎಲುಬಿನ ಹಿಂದೆಯೇ ಮಿದುಳಿನ ಮುಂಭಾಗವಿದೆ. ಮುಂದಾಲೋಚನೆಗೂ, ಆಸೆಯನ್ನು ತಡೆಯುವುದಕ್ಕೂ ಮುಖ್ಯವಾಗಿ ಬೇಕಾದ ಭಾಗವೇ ಅದು. ಮನುಷ್ಯನಿಗೆ ಇಪ್ಪತ್ತು ದಾಟಿದ ಮೇಲೂ ಅದು ಬಲಿಯುತ್ತಲೇ ಇರುತ್ತದೆ. ವಿಧಿ ಬರೆದ ಜಾಗ ಎಂದು ಯಾವುದನ್ನು ತೋರಿಸುತ್ತೇವೆಯೋ, ಅದರ ಬೆನ್ನಿಗೇ ಸ್ವಾಮಿ ತಡೆಯುವ ಶಕ್ತಿಯನ್ನೂ ಇಟ್ಟಿದ್ದಾನೆ.

ಎರಡು ಟಗರುಗಳ ಕಾಳಗ

ಯೋಗವಾಸಿಷ್ಠದಲ್ಲಿ ವಸಿಷ್ಠ ಮಹರ್ಷಿಗಳು ಶ್ರೀರಾಮನಿಗೆ ಟಗರಿನ ಕಾಳಗದ ಉಪಮೆ ಹೇಳುತ್ತಾರೆ. ನಿನ್ನೆಯ ಪುರುಷಪ್ರಯತ್ನವೇ ಇವತ್ತಿನ ದೈವ. ಅದು ಒಂದು ಟಗರು. ಇವತ್ತಿನ ಪ್ರಯತ್ನ ಇನ್ನೊಂದು ಟಗರು. ಎರಡೂ ಹಾಯುತ್ತವೆ. ಬಲವಿದ್ದದ್ದು ಗೆಲ್ಲುತ್ತದೆ. ಮಿದುಳಿನ ವೈದ್ಯರೂ ಅಭ್ಯಾಸದ ಬಗ್ಗೆ ಹೆಚ್ಚು ಕಡಿಮೆ ಹೀಗೇ ಹೇಳುತ್ತಾರೆ. ಮಾಡಿದ್ದನ್ನೇ ಮಾಡುತ್ತಾ ಹೋದರೆ ಮಿದುಳಿನಲ್ಲಿ ಅದರ ದಾರಿ ಸವೆದು ಸಲೀಸಾಗುತ್ತದೆ. ಗದ್ದೆಯ ಬದುವಿನ ಮೇಲೆ ಜನ ನಡೆದು ನಡೆದು ಕಾಲುದಾರಿ ಬಿದ್ದ ಹಾಗೆ. ಹತ್ತು ವರ್ಷ ಕುಡಿದವನ ನಿನ್ನೆಯ ಟಗರು ಕೊಬ್ಬಿದೆ. ಒಂದು ದಿನದ ಆಣೆಯ ಟಗರು ಇನ್ನೂ ಮರಿ. ಮೊದಲ ಸಲ ಅದು ಸೋತರೆ ಆಣೆ ಸುಳ್ಳಾಯಿತು ಎಂದು ತಿಳಿಯಬಾರದು. ಮರಿಗೆ ಮೇವು ಸಾಲದು ಎಂದು ತಿಳಿಯಬೇಕು.

ಮೇವು ಎಂದರೆ ಏನು? ನಮ್ಮ ಹಿರಿಯರ ಸಂಕಲ್ಪವಿಧಿಯನ್ನು ನೋಡಿ. ಪೂಜೆಗೆ ಕೂತವನು "ಪೂಜೆ ಮಾಡ್ತೀನಿ" ಎಂದಿಷ್ಟೇ ಹೇಳುವುದಿಲ್ಲ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ತಾನಿರುವ ಸ್ಥಳ, ತನ್ನ ಗೋತ್ರ, ಹೆಸರು, ಮಾಡುವ ಕೆಲಸ ಎಲ್ಲವನ್ನೂ ಹೇಳಿ ನೀರು ಬಿಡುತ್ತಾನೆ. ಯಾರು, ಯಾವಾಗ, ಎಲ್ಲಿ, ಏನು ಎಂಬುದು ಗಟ್ಟಿಯಾಗುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರಲ್ಲಿ ಪ್ರಕಟಿಸಿದ ಲೇಖನದ ಸಾರವೂ ಇಂಥದ್ದೇ. ಒಳ್ಳೆಯವನಾಗುತ್ತೇನೆ ಎಂಬ ಬರೀ ಆಸೆಗಿಂತ, ಇಂಥ ಹೊತ್ತಿನಲ್ಲಿ, ಇಂಥ ಜಾಗದಲ್ಲಿ, ಇಂಥದ್ದು ಎದುರಾದರೆ ಹೀಗೆ ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚಾಗಿ ನಡೆಸಿಕೊಡುತ್ತಾರೆ.

ಆದ್ದರಿಂದ ಆಣೆ ಮಾಡುವವನು "ಇನ್ನು ಮುಟ್ಟೋದಿಲ್ಲ ತಂದೆ" ಎಂದು ಹೇಳಿ ಬೆಟ್ಟ ಇಳಿದರೆ ಸಾಲದು. ಸಂಬಳ ಬಂದ ದಿನ ದುಡ್ಡನ್ನು ಅಮ್ಮನ ಕೈಗೋ ಹೆಂಡತಿಯ ಕೈಗೋ ಕೊಡುತ್ತೇನೆ, ಅಂಗಡಿಯ ಬೀದಿ ಬಿಟ್ಟು ಕೆರೆ ಏರಿಯ ಮೇಲೆ ಮನೆಗೆ ಹೋಗುತ್ತೇನೆ, ಸಂಜೆ ಏಳಕ್ಕೆ ಭಜನೆಮನೆಯಲ್ಲಿ ಇರುತ್ತೇನೆ, ಹಳೆಯ ಗೆಳೆಯ ಕರೆದರೆ ಇಂಥ ಮಾತು ಹೇಳುತ್ತೇನೆ ಎಂದು ಸ್ವಾಮಿಯ ಮುಂದೆ ಒಂದೊಂದಾಗಿ ಹೇಳಿಕೊಳ್ಳಬೇಕು. ಆಗ ಬಯಕೆ ಬಾಗಿಲು ಬಡಿಯುವ ಹೊತ್ತಿಗೆ ಉತ್ತರ ಸಿದ್ಧವಾಗಿರುತ್ತದೆ.

ಹೂವಿನ ಪ್ರಸಾದ ಕೇಳುವವರೂ ಇದನ್ನು ನೆನಪಿಡಬೇಕು. ಬಲಗಡೆ ಹೂ ಬಿದ್ದರೆ "ಸ್ವಾಮಿ ಅಪ್ಪಣೆ ಆಯ್ತು" ಎನ್ನುತ್ತಾರೆ. ಎಡಗಡೆ ಬಿದ್ದರೆ "ಅರ್ಚಕರೇ, ಇನ್ನೊಂದು ಸಲ ನೋಡಿ" ಎನ್ನುವವರೂ ಉಂಟು. ಮನಸ್ಸಿನ ತೀರ್ಮಾನ ಮನೆಯಲ್ಲೇ ಆಗಿರುತ್ತದೆ. ಹೂವಿನಿಂದ ಧೈರ್ಯ ಪಡೆಯುವುದು ಸರಿ. ಗಂಡು ಸರಿಯಿಲ್ಲವೆಂದು ಗೊತ್ತಿದ್ದೂ ಮಗಳನ್ನು ಕೊಟ್ಟು, ಆಮೇಲೆ ಹೂವಿನ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ.

ಆಣೆಯ ಜೊತೆಗೆ ಔಷಧ

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ದೋಷವಾದೀತು. ಬಹಳ ವರ್ಷ ದಿನವೂ ಹೆಚ್ಚಾಗಿ ಕುಡಿದವನು ಆಣೆ ಮಾಡಿ ಒಮ್ಮೆಲೇ ನಿಲ್ಲಿಸಿದರೆ ಮೊದಲೆರಡು ದಿನದಲ್ಲಿ ಕೈನಡುಕ, ಬೆವರು, ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣಿಸುವುದು, ದಿಕ್ಕು ತಪ್ಪಿ ಮಾತಾಡುವುದು ಆಗಬಹುದು. ಮನೆಯವರು ಸ್ವಾಮಿ ಮುನಿದನೆಂದೋ ಗಾಳಿ ಸೋಕಿತೆಂದೋ ತಿಳಿದು ಮನೆಯಲ್ಲೇ ಇಟ್ಟುಕೊಂಡರೆ ಪ್ರಾಣಕ್ಕೆ ಅಪಾಯ. ಇದು ಶರೀರದ ರೋಗ. ಆಣೆ ಮಾಡಿಸುವ ಮೊದಲೇ ವೈದ್ಯರನ್ನು ಕೇಳಬೇಕು. ಇಂಥ ಲಕ್ಷಣ ಕಂಡರೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಬಿಡಿಸುವ ಪ್ರತ್ಯೇಕ ವಿಭಾಗವೇ ಇದೆ. 2022ರಲ್ಲಿ ಪ್ರಾರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು. ಗೀತೆ ಹೇಳಿದ ಐದು ಕಾರಣಗಳಲ್ಲಿ ಶರೀರವೂ ಒಂದು. ಶರೀರದ ಪಾಲಿಗೆ ಔಷಧ, ಕರ್ತೃವಿನ ಪಾಲಿಗೆ ಸಂಕಲ್ಪ, ದೈವದ ಪಾಲಿಗೆ ಪ್ರಾರ್ಥನೆ. ಯಾವ ಪಾಲನ್ನು ಬಿಟ್ಟರೂ ಲೆಕ್ಕ ಕೂಡುವುದಿಲ್ಲ.

ತನಗೊಂದು ಅಳತೆ, ಪರರಿಗೊಂದು ಅಳತೆ

ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. 2023ರಲ್ಲಿ ಅಮೆರಿಕದ ರಾಬರ್ಟ್ ಸಪೋಲ್ಸ್ಕಿ, ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯವೇ ಇಲ್ಲವೆಂದು ದೊಡ್ಡ ಪುಸ್ತಕ ಬರೆದರು. ಅದೇ ವರ್ಷ ಐರ್ಲೆಂಡಿನ ಕೆವಿನ್ ಮಿಚೆಲ್, ಜೀವವಿಕಾಸವೇ ಪ್ರಾಣಿಗಳಿಗೆ ಆರಿಸುವ ಶಕ್ತಿಯನ್ನು ಕೊಟ್ಟಿದೆ ಎಂದು ಬರೆದರು. ಇಬ್ಬರೂ ಮಿದುಳಿನ ಶಾಸ್ತ್ರ ಬಲ್ಲವರೇ. ಸಪೋಲ್ಸ್ಕಿಯವರ ತೀರ್ಮಾನವನ್ನು ಭಕ್ತರು ಒಪ್ಪಬೇಕಾಗಿಲ್ಲ. ಆದರೆ ತಪ್ಪು ಮಾಡಿದವನ ಹಿಂದೆ ಅವನ ಬಾಲ್ಯ, ಬಡತನ, ರೋಗ, ಹುಟ್ಟಿನ ಗುಣ ಎಲ್ಲಾ ಇರುತ್ತದೆ, ಅವನನ್ನು ದ್ವೇಷಿಸುವುದು ನ್ಯಾಯವಲ್ಲ ಎಂಬ ಅವರ ಕಳಕಳಿಯನ್ನು ಪ್ರಸಾದದಂತೆ ಸ್ವೀಕರಿಸಬಹುದು.

ಲೋಕದಲ್ಲಿ ನಡೆಯುವುದು ತಿರುಗುಮುರುಗು. ತಾನು ತಪ್ಪಿದಾಗ "ಏನ್ ಮಾಡೋದು, ಹಣೆಬರಹ" ಎನ್ನುತ್ತಾನೆ. ತಮ್ಮ ತಪ್ಪಿದಾಗ "ಬೇಕೂಂತಲೇ ಮಾಡಿದ, ಸೊಕ್ಕು" ಎನ್ನುತ್ತಾನೆ. ತನ್ನ ಗದ್ದೆ ಬೆಳೆದರೆ "ನನ್ನ ದುಡಿಮೆ", ಪಕ್ಕದವನದು ಬೆಳೆದರೆ "ಅವನ ಅದೃಷ್ಟ". ಅಳತೆಗೋಲು ಎರಡೂ ಒಳ್ಳೆಯವೇ, ಹಿಡಿದ ಕೈ ತಪ್ಪು. ತನ್ನ ತಪ್ಪನ್ನು ಅಳೆಯುವಾಗ ಸಂಕಲ್ಪದ ಕೋಲು ಹಿಡಿಯಬೇಕು, ಪರರ ತಪ್ಪನ್ನು ಅಳೆಯುವಾಗ ಹಣೆಬರಹದ ಕೋಲು ಹಿಡಿಯಬೇಕು. ಆಗ ತನ್ನಲ್ಲಿ ಎಚ್ಚರ ಹುಟ್ಟುತ್ತದೆ, ಪರರ ಮೇಲೆ ಕರುಣೆ ಹುಟ್ಟುತ್ತದೆ. ಕರುಣೆ ಎಂದರೆ ಏಟು ತಿಂದುಕೊಂಡು ಸುಮ್ಮನಿರುವುದು ಎಂದಲ್ಲ. ಕುಡಿದು ಬಡಿಯುವವನಿಂದ ಹೆಂಡತಿ ಮಕ್ಕಳನ್ನು ಕಾಪಾಡುವುದೂ ಧರ್ಮವೇ. ಕಾಪಾಡುವಾಗ ದ್ವೇಷ ಬೇಡ, ಅಷ್ಟೇ.

ಆಣೆ ಮುರಿದವನು ಮುಖ ತೋರಿಸಲಾರದೆ ಬೆಟ್ಟದ ಬುಡದಲ್ಲೇ ನಿಲ್ಲುವುದುಂಟು. ಅಂಥವನನ್ನು ಮನೆಯವರು "ಮತ್ತೆ ಯಾವ ಮೋರೆ ಇಟ್ಕೊಂಡು ಬಂದೆ" ಎಂದು ಹಂಗಿಸಬಾರದು. "ಬಾಪ್ಪ, ಮತ್ತೊಂದು ಸಲ ಹತ್ತೋಣ" ಎಂದು ಕೈಹಿಡಿದು ಕರೆತರಬೇಕು. ಮೆಟ್ಟಿಲು ಕಟ್ಟಿಸಿದವರು ಹಿರಿಯರು, ಹತ್ತುವ ಕಾಲು ಕೊಟ್ಟವನು ಸ್ವಾಮಿ, ಹೆಜ್ಜೆ ಎತ್ತಿಡಬೇಕಾದವನು ಅವನೇ. ಆ ಒಂದು ಹೆಜ್ಜೆಯನ್ನು ಮಾತ್ರ ಸ್ವಾಮಿ ಯಾರ ಪರವಾಗಿಯೂ ಇಡುವುದಿಲ್ಲ. ಇಟ್ಟವನನ್ನು ಕೈಬಿಡುವುದೂ ಇಲ್ಲ.

ಸರ್ವರಿಗೂ ಸನ್ಮತಿಯನ್ನೂ ಸತ್ಸಂಕಲ್ಪವನ್ನೂ ಸ್ವಾಮಿಯು ಕರುಣಿಸಲಿ. ಶುಭಮಸ್ತು.